ಫ್ಯಾನಿಲ್ಲದ ದೋಣಿ

ಎರ್ಮಾಳಿನ ಕಡಲ ತೀರದ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಬಂದಾಗ ಹುಟ್ಟು ಹಾಕುವ ಕಷ್ಟ ತಗ್ಗಿತು, ನೀರಿನಡಿ ತಿರುಗುವ ಫ್ಯಾನಿನ (ಪ್ರೊಪೆಲ್ಲರ್) ಚಿಂತೆ ಶುರುವಾಯಿತು. ಮರಳಿಗೆ ತಾಗಿದರೆ ರೆಕ್ಕೆ ಮುರಿಯಿತು, ಬಲೆ ಸುತ್ತಿಕೊಂಡರೆ ದೋಣಿ ನಿಂತಿತು. ಇದೇ ಪೇಚು ದೂರದ ನ್ಯೂಜಿಲೆಂಡಿನಲ್ಲಿ ಕುರಿ ಸಾಕುತ್ತಿದ್ದವರೊಬ್ಬರ ನಿದ್ದೆ ಕೆಡಿಸಿತ್ತು.

ಅವರೇ ಬಿಲ್ ಹ್ಯಾಮಿಲ್ಟನ್. ಹುಟ್ಟಿದ್ದು 1899ರಲ್ಲಿ. ಐರಿಷ್‌ಮನ್ ಕ್ರೀಕ್ ಎಂಬ ಕುರಿಗಾವಲಿನ ಒಡೆಯರಾದ ಅವರು ಅಲ್ಲೇ ವರ್ಕ್‌ಶಾಪ್ ಕಟ್ಟಿಕೊಂಡು ಮಣ್ಣು ಅಗೆಯುವ ಯಂತ್ರಗಳನ್ನು ತಯಾರಿಸುತ್ತಿದ್ದರು. ಸುತ್ತಲ ಹೊಳೆಗಳೋ ಹಲವು ಕವಲಾಗಿ ಒಡೆದು, ಉರುಟು ಕಲ್ಲುಗಳ ಮೇಲೆ ಗೇಣುದ್ದ ನೀರಿನಲ್ಲಿ ಭೋರೆಂದು ಓಡುವಂಥವು. ಆ ಹರಿವಿಗೆ ಎದುರಾಗಿ ದೋಣಿ ನಡೆಸಬೇಕೆಂಬುದು ಅವರ ಬಾಲ್ಯದ ಆಸೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ ಅವರ ಕಣ್ಣಿಗೆ ಬಿತ್ತು. ಅದೊಂದು ಪಂಪು. ನೀರನ್ನು ಒಳಕ್ಕೆಳೆದು ದೋಣಿಯ ಅಡಿಯಲ್ಲಿದ್ದ, ಬೇಕಾದತ್ತ ತಿರುಗುವ ನಳಿಕೆಯಿಂದ ಹೊರಚಿಮ್ಮುತ್ತಿತ್ತು. ಹೊರಗೆ ಫ್ಯಾನೇ ಇರಲಿಲ್ಲ! ಹ್ಯಾಮಿಲ್ಟನ್ 12 ಅಡಿಯ ಪ್ಲೈವುಡ್ ದೋಣಿಗೆ ಅಂಥದೇ ಪಂಪು ಕೂರಿಸಿ ನೀರಿಗಿಳಿಸಿದರು. ದೋಣಿ ತೆವಳಿತು. ಗಂಟೆಗೆ ಸುಮಾರು 18 ಕಿ.ಮೀ. ವೇಗ ಆ ಹೊಳೆಗಳಿಗೆ ಏನೇನೂ ಸಾಲದು. ಅಡಿಯಲ್ಲಿ ಇಳಿಬಿದ್ದ ನಳಿಕೆಗೆ ಕಲ್ಲಿನ ಭಯವೂ ತಪ್ಪಿರಲಿಲ್ಲ. ಬಿಚ್ಚಿದರು, ಬದಲಿಸಿದರು, ಮತ್ತೆ ಜೋಡಿಸಿದರು. ಸುಧಾರಿಸಲಿಲ್ಲ.

ದಾರಿ ತೋರಿಸಿದ್ದು ವರ್ಕ್‌ಶಾಪಿನ ಕೆಲಸಗಾರರೊಬ್ಬರು. ನಳಿಕೆಯನ್ನು ಹಿಂಬದಿಯ ಹಲಗೆಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲಿಟ್ಟು ನೋಡೋಣವೆಂದರು. ಕೇಳಿದವರಿಗೆ ಹುಚ್ಚೆನಿಸಬಹುದಾದ ಮಾತು. ನೀರನ್ನು ಬರೀ ಗಾಳಿಗೆ ಎರಚಿದರೆ ದೋಣಿ ಯಾವುದಕ್ಕೆ ಒತ್ತುಕೊಟ್ಟು ಮುಂದೆ ಹೋದೀತು? ಹ್ಯಾಮಿಲ್ಟನ್ ಆ ಮಾತನ್ನು ತಳ್ಳಿಹಾಕಲಿಲ್ಲ; ಈ ಕತೆಯಲ್ಲಿ ಅವರ ನಿಜವಾದ ದೊಡ್ಡತನ ಇರುವುದು ಅಲ್ಲೇ. ವೇಗ 27 ಕಿ.ಮೀ.ಗೆ ಜಿಗಿಯಿತು. 1960ರಲ್ಲಿ ಅವರ ಜೆಟ್ ದೋಣಿಗಳು ಅಮೆರಿಕದ ಕೊಲರಾಡೊ ನದಿಯ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನು ಹರಿವಿಗೆದುರಾಗಿಯೇ ಏರಿದವು. ಅದಕ್ಕೆ ಮುನ್ನ ಯಾವ ದೋಣಿಯೂ ಹಾಗೆ ಏರಿರಲಿಲ್ಲ.

ವೇಗವೇನೋ ದಕ್ಕಿತು, ನಿಧಾನ ಸತಾಯಿಸಿತು. ಜೆಟ್ ದೋಣಿಗೆ ಬೇರೆ ಚುಕ್ಕಾಣಿಯಿಲ್ಲ, ಚಿಮ್ಮುವ ನೀರೇ ಚುಕ್ಕಾಣಿ. ದಡ ಸೇರುವಾಗ ಎಂಜಿನ್ ತಗ್ಗಿಸಿದರೆ ಹಿಡಿತವೂ ತಗ್ಗಿತು. ಅದಕ್ಕೆ ಸಿಕ್ಕ ಉಪಾಯ, ನಳಿಕೆಯ ಬಾಯಿಗೆ ಇಳಿಯುವ ಬಾಗಿದ ಮರೆ. ಅದನ್ನು ಪೂರ್ತಿ ಇಳಿಸಿದರೆ ನೀರು ಮುಂದಕ್ಕೆ ಚಿಮ್ಮಿ ದೋಣಿ ಹಿಂದೆ ಸರಿಯಿತು. ಅರ್ಧ ಇಳಿಸಿದರೆ ಎಂಜಿನ್ ಓಡುತ್ತಿದ್ದರೂ ದೋಣಿ ನಿಂತಲ್ಲೇ ನಿಂತು, ಹೇಳಿದತ್ತ ಮೂತಿ ತಿರುಗಿಸಿತು.

ಹಾಗಾದರೆ ನೀರನ್ನು ಗಾಳಿಗೆ ಎರಚಿದರೂ ದೋಣಿ ಮುಂದೆ ಹೋದದ್ದು ಹೇಗೆ? ದೋಣಿಯನ್ನು ನೂಕುವುದು ಹೊರಗಿನ ನೀರಲ್ಲ. ಹೀರಿದ ನೀರನ್ನು ರಭಸದಿಂದ ಹಿಂದಕ್ಕೆಸೆದಾಗ ಹುಟ್ಟುವ ಪ್ರತಿಬಲವೇ ಅದನ್ನು ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ನಳಿಕೆ ಮೇಲೇರಿದಾಗ ಅಡಿಯ ತಡೆಯೂ ತಪ್ಪಿತು. ಮಲ್ಪೆಯಲ್ಲಿ ಪ್ರವಾಸಿಗರು ಏರುವ ಜೆಟ್ ಸ್ಕೀ ಓಡುವುದೂ ಇದೇ ತತ್ವದ ಮೇಲೆ. ಹಳೆಯ ಮಾದರಿಯ ಜೆಟ್ ಸ್ಕೀಯಲ್ಲಿ ಗಾಬರಿಯಾಗಿ ಥ್ರಾಟಲ್ ಬಿಟ್ಟರೆ ಹ್ಯಾಂಡಲ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ತುಸು ಥ್ರಾಟಲ್ ಕೊಟ್ಟೇ ತಿರುಗಿಸಬೇಕು.