ಬಂಡೆಯ ಮೇಲೊಂದು ಬಜೆಟ್

ಚಿತ್ರದುರ್ಗದ ಕೋಟೆ ನೋಡಿ ಹಾಗೇ ಹಿಂತಿರುಗುವವರೇ, ಒಂದಿಷ್ಟು ನಿಲ್ಲಿ! ಪಕ್ಕದ ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿ ಒಂದು ಬಂಡೆಯಿದೆ. ಅದರ ಮೇಲೆ ಮೂರೇ ಸಾಲು: ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ನಾಲ್ಕನೇ ಶತಮಾನ. ಏನು ಹೇಳುತ್ತದೆ ಗೊತ್ತೇ? ಕದಂಬರ ಮಯೂರಶರ್ಮ ಇಲ್ಲೊಂದು ಕೆರೆ ಕಟ್ಟಿಸಿದನಂತೆ. ಕನ್ನಡ ನಾಡಿನ ಮೊದಲ ಅರಸು ವಂಶವೆಂದು ನಾವು ಎದೆಯುಬ್ಬಿಸಿ ಹೇಳುವ ಕದಂಬರ ಮೂಲಪುರುಷ ಕಲ್ಲಿನಲ್ಲಿ ಬಿಟ್ಟುಹೋದದ್ದು ಒಂದು ಸರ್ಕಾರಿ ಕಾಮಗಾರಿಯ ಸುದ್ದಿ!

ಈಗ ಸಾವಿರದ ಆರುನೂರು ವರ್ಷ ದಾಟಿ 2023ರ ಫೆಬ್ರವರಿ 1ಕ್ಕೆ ಬನ್ನಿ. ಲೋಕಸಭೆಯಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಓದುತ್ತಿದ್ದಾರೆ. ಕರ್ನಾಟಕದ ಬರಪೀಡಿತ ಮಧ್ಯಭಾಗಕ್ಕೆ, ಭದ್ರಾ ಮೇಲ್ದಂಡೆ ಯೋಜನೆಗೆ, 5,300 ಕೋಟಿ ರೂಪಾಯಿ ನೆರವು. ಯಾತಕ್ಕೆ? ಸೂಕ್ಷ್ಮ ನೀರಾವರಿಗೆ, ಜೊತೆಗೆ ಕುಡಿಯುವ ನೀರಿಗಾಗಿ ಕೆರೆ ತುಂಬಿಸಲಿಕ್ಕೆ. ಮತ್ತೆ ಕೆರೆ! ಅರಸರು ಹೋದರು, ನಾಣ್ಯಗಳು ಬದಲಾದವು, ಈ ಸೀಮೆಯ ಖರ್ಚಿನ ಬಾಬ್ತು ಮಾತ್ರ ಅದೇ. ನಡುವೆ ಮೈಸೂರು ಸಂಸ್ಥಾನವೂ ಇದೇ ಬಾಬ್ತಿಗೆ ಬೊಕ್ಕಸ ತೆರೆದು, ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿತು. 1907ರಲ್ಲಿ ಮುಗಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಲ್ಲಿನ ಮಳೆಯ ಜಿಪುಣತನಕ್ಕೆ ಬೇರೆ ಪುರಾವೆ ಬೇಕೇ?

ಇನ್ನು ಚಂದ್ರವಳ್ಳಿಯಲ್ಲಿ ನಿಮ್ಮ ಕಾಲಡಿಯ ಮಣ್ಣು! ಪುರಾತತ್ವಜ್ಞ ಎಂ. ಎಚ್. ಕೃಷ್ಣ ಇಲ್ಲಿ ಅಗೆಸಿದರು, 1947ರಲ್ಲಿ ಮತ್ತೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕವು, ಅದು ಸರಿ. ಆದರೆ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು? ಸಮುದ್ರದಿಂದ ಇಷ್ಟು ದೂರದ ಈ ಕಲ್ಲುಬಂಡೆಗಳ ನಡುವೆ? ಭಾರತ ವರ್ಷವರ್ಷವೂ ನಮ್ಮ 5 ಕೋಟಿ ಸೆಸ್ಟರ್ಸ್ ನಾಣ್ಯ ಹೀರುತ್ತಿದೆ ಎಂದು ಕ್ರಿ.ಶ. ಮೊದಲ ಶತಮಾನದಲ್ಲೇ ಲೇಖಕ ಪ್ಲಿನಿ ರೋಮಿನಲ್ಲಿ ಕೂತು ಗೊಣಗಿದ್ದ. ವ್ಯಾಪಾರ ಕೊರತೆಯೆಂದು ಇಂದು ಟಿವಿ ಚರ್ಚೆಗಳಲ್ಲಿ ಕೇಳುತ್ತೇವಲ್ಲ, ಅದೇ ಗೋಳು!

ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಮಯೂರಶರ್ಮನ ಬಂಡೆ ಆಗಿಹೋದ ಕೆಲಸವನ್ನು ದಾಖಲಿಸುತ್ತದೆ. ಬಜೆಟ್ ಆಗಬೇಕಾದ ಖರ್ಚಿನ ಅಂದಾಜು. ಭಾಷಣದಲ್ಲಿ ಅಂಕಿ ಕೇಳಿಬಂದ ಮಾತ್ರಕ್ಕೆ ಹಣ ಹೊರಡುವುದಿಲ್ಲ. ಸಂಸತ್ತು ಧನವಿನಿಯೋಗ ಮಸೂದೆಗೆ ಒಪ್ಪಿಗೆ ಕೊಡದೆ ಸಂಚಿತ ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯುವಂತಿಲ್ಲ; ಆಮೇಲೂ ಇಲಾಖೆಗಳ ಮಂಜೂರಾತಿ, ಬಿಡುಗಡೆ ಎಂಬ ಬಾಗಿಲುಗಳಿವೆ. 5,300 ಕೋಟಿ ಕೈಸೇರಿಲ್ಲವೆಂದು ರಾಜ್ಯ ಸರ್ಕಾರ ನಂತರದ ವರ್ಷಗಳಲ್ಲೂ ದೂರುತ್ತಲೇ ಬಂತು. ಚಿತ್ರದುರ್ಗದ ರೈತರು ಇದಕ್ಕಾಗಿ ಬೀದಿಗಿಳಿದರು.