ಕಡಲಿನ ಮೇಲೆ ಹೊತ್ತು ಕಳೆಯುವ ಬಗೆ

ವಿಮಾನಗಳು ಬಂದಮೇಲೆ ಊರು ಸೇರುವುದಕ್ಕಾಗಿ ಹಡಗು ಹತ್ತುವವರು ವಿರಳರಾದರು; ಈಗ ದೀರ್ಘ ಸಮುದ್ರಯಾನವು ಬಹುಮಟ್ಟಿಗೆ ವಿಹಾರಾರ್ಥಿಗಳ ಪಾಲಿನದು. ಆದರೆ ಕಡಲಿನ ಸ್ವಭಾವ ಮಾತ್ರ ಬದಲಾಗಿಲ್ಲ. ಮೊದಲೆರಡು ದಿನಗಳು ಕಳೆದುದೇ ತಿಳಿಯದು. ಮೂರನೆಯ ದಿನ ಕಣ್ದೆರೆದರೆ ಸುತ್ತಲೂ ಅದೇ ನೀರು, ಮೇಲೆ ಅದೇ ಆಕಾಶ. ಒಲೆ ಹೊತ್ತಿಸಬೇಕಾಗಿಲ್ಲ, ಕಚೇರಿಗೆ ಓಡಬೇಕಾಗಿಲ್ಲ, ಬಾಗಿಲು ತಟ್ಟುವ ನೆಂಟರಿಲ್ಲ. ಮನೆಯಲ್ಲಿದ್ದಾಗ ಯಾವ ಬಿಡುವಿಗಾಗಿ ಹಂಬಲಿಸುತ್ತಿದ್ದೆವೋ ಆ ಬಿಡುವೇ ಇಲ್ಲಿ ಹೊರೆಯಾಗತೊಡಗುವುದು.

ಹಡಗಿನಲ್ಲಿ ವಿನೋದಗಳಿಗೆ ಕೊರತೆಯಿಲ್ಲ. ಮೇಲಟ್ಟದಲ್ಲಿ ಅಡ್ಡಾಡಬಹುದು, ಹಗ್ಗದ ಬಳೆಗಳನ್ನು ಗುರಿಯಿಟ್ಟೆಸೆಯುವ ಆಟ, ಇಸ್ಪೀಟು, ಸಂಗೀತ, ಪುಸ್ತಕಭಂಡಾರ ಎಲ್ಲವೂ ಉಂಟು. ಆದರೂ ಪಡುವಣಕ್ಕೆ ಸಾಗುವ ಹಡಗಿನಲ್ಲಿ ರೇಖಾಂಶವು 15 ಅಂಶ ಸರಿದಾಗಲೊಮ್ಮೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಆ ದಿನಕ್ಕೆ 25 ಗಂಟೆಗಳಾಗುತ್ತವೆ. ಬೇಸರಗೊಂಡವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯುಂಟೆ?

ಈ ಬಿಡುವನ್ನೇ ವರವಾಗಿಸಿಕೊಂಡ ಮೂವರನ್ನು ಇಲ್ಲಿ ನೆನೆಯಬಹುದು.

1909ರ ನವೆಂಬರಿನಲ್ಲಿ ಗಾಂಧೀಜಿಯವರು ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಹೊರಟರು. ಹಡಗಿನ ಕಾಗದದ ಮೇಲೆಯೇ ಗುಜರಾತಿಯಲ್ಲಿ 'ಹಿಂದ್ ಸ್ವರಾಜ್' ಬರೆಯತೊಡಗಿ ಹತ್ತು ದಿನಗಳಲ್ಲಿ ಮುಗಿಸಿದರು. ಬಲಗೈ ಸೋತಾಗ ಎಡಗೈಯಿಂದ ಬರೆದರೇ ಹೊರತು ಲೇಖನಿಯನ್ನು ಕೆಳಗಿಡಲಿಲ್ಲ.

1921ರಲ್ಲಿ ಇಂಗ್ಲೆಂಡಿಗೆ ಹೋದ ಸಿ. ವಿ. ರಾಮನ್ನರು ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದರು. ಅದು ಆಕಾಶದ ಪ್ರತಿಬಿಂಬವೆಂದು ಆಗ ಹೇಳುತ್ತಿದ್ದರು. ಮರಳುವಾಗ ನರ್ಕುಂಡಾ ಹಡಗಿನಲ್ಲಿ ಒಂದು ಚಿಕ್ಕ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯ ಪ್ರತಿಫಲನವನ್ನು ನಿವಾರಿಸಿ ನೋಡಿದರು, ನೀಲಿಯು ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ತರ್ಕಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಆ ನೀಲಿಗೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಆದರೂ ಅಂದು ಹಿಡಿದ ದಾರಿಯೇ ಅವರನ್ನು 1928ರ ರಾಮನ್ ಪರಿಣಾಮಕ್ಕೂ 1930ರ ನೊಬೆಲ್ ಪಾರಿತೋಷಕಕ್ಕೂ ಒಯ್ದಿತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲಸಿದರು.

ಆ ರಾಮನ್ನರ ಅಣ್ಣನ ಮಗ ಎಸ್. ಚಂದ್ರಶೇಖರರು 1930ರ ಜುಲೈ 31ರಂದು ಮುಂಬಯಿಯಿಂದ ಪಿಲ್ಸ್ನಾ ಹಡಗಿನಲ್ಲಿ ವಿದ್ಯಾರ್ಥಿಯಾಗಿ ಹೊರಟಾಗ ಅವರಿಗೆ 19 ವರ್ಷ. ಶ್ವೇತಕುಬ್ಜವೆಂಬ ಮುದಿನಕ್ಷತ್ರಗಳ ತೂಕಕ್ಕೆ ಮಿತಿಯೊಂದಿದೆಯೆಂಬುದು ಆ ಪ್ರಯಾಣದ ಲೆಕ್ಕಾಚಾರದಲ್ಲಿ ಅವರಿಗೆ ಹೊಳೆಯಿತು. ಸೂರ್ಯನ ತೂಕದ ಸುಮಾರು 1.4 ಪಾಲೆಂದು ಇಂದು ಎಣಿಸಲಾಗುವ ಆ ಮಿತಿಯು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1983ರಲ್ಲಿ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇವರೆಲ್ಲರೂ ಅಸಾಮಾನ್ಯರು, ನಮ್ಮಂಥವರ ಮಾತೇನು ಎಂದು ವಾಚಕರು ಕೇಳಬಹುದು. ದಿಟವೇ, ಆದರೆ ಹಡಗು ಅವರಿಗೆ ಪ್ರತಿಭೆಯನ್ನು ಕೊಡಲಿಲ್ಲ, ಬಿಡುವನ್ನಷ್ಟೇ ಕೊಟ್ಟಿತು. ಮೂವರೂ ಬರಿಯ ಕೈಯಲ್ಲಿ ಹತ್ತಿದವರಲ್ಲ. ಒಬ್ಬರಲ್ಲಿ ಹೇಳಲೇಬೇಕಾದ ಮಾತಿತ್ತು, ಒಬ್ಬರಲ್ಲಿ ಸಂದೇಹವಿತ್ತು, ಒಬ್ಬರಲ್ಲಿ ಬಿಡಿಸದ ಲೆಕ್ಕವಿತ್ತು.

ಆದುದರಿಂದ ಸಮುದ್ರಯಾನಕ್ಕೆ ಹೊರಡುವವರು ಬಟ್ಟೆಬರೆಯೊಡನೆ ಬಹುಕಾಲದಿಂದ ಮುಂದೂಡಿದ ಒಂದು ಕೆಲಸವನ್ನೂ ಪೆಟ್ಟಿಗೆಯಲ್ಲಿಟ್ಟುಕೊಳ್ಳಲಿ. ಅದು ಓದಿ ಮುಗಿಸದ ಗ್ರಂಥವಾಗಬಹುದು. ಮುನಿಸಿಕೊಂಡ ತಮ್ಮನಿಗೆ ಬರೆಯದೆ ಉಳಿದ ಕಾಗದವಾಗಬಹುದು. ಜೊತೆಗೆ ಬಂದ ವೃದ್ಧ ತಾಯಿಯ ಬಾಲ್ಯದ ಕಥೆಯನ್ನು ಕೇಳಿ ಬರೆದಿಡುವುದೂ ಆಗಬಹುದು. ಹಾಗೆ ಮಾಡಿದವರಿಗೆ ಗಡಿಯಾರವು ಹಿಂದಕ್ಕೆ ತಿರುಗಿದ ಆ 25ನೆಯ ಗಂಟೆ ಶಿಕ್ಷೆಯೆನಿಸದು. ಊರಿನಲ್ಲಿ ಎಷ್ಟು ಬೇಡಿದರೂ ದೊರೆಯದಿದ್ದ ಲಾಭವೆನಿಸುವುದು.