ಶನಿವಾರ ರಾತ್ರಿ ಹನ್ನೊಂದೂವರೆಗೆ

ಜಾನಿ ಕಾರ್ಸನ್‌ಗೆ ರಜೆ ಬೇಕಿತ್ತು. ಎಪ್ಪತ್ತರ ದಶಕದ ಅಮೆರಿಕದಲ್ಲಿ ತಡರಾತ್ರಿಯ ಟಿವಿ ಎಂದರೆ ಅವರ ‘ಟುನೈಟ್ ಶೋ’. ವಾರಾಂತ್ಯದಲ್ಲಿ ಎನ್‌ಬಿಸಿ ವಾಹಿನಿ ಅದರ ಹಳೆಯ ಕಂತುಗಳನ್ನೇ ಮರುಪ್ರಸಾರ ಮಾಡುತ್ತಿತ್ತು. 1974ರಲ್ಲಿ ಕಾರ್ಸನ್ ಅದನ್ನು ನಿಲ್ಲಿಸಿ ಎಂದರು. ಆ ಕಂತುಗಳನ್ನು ವಾರದ ನಡುವೆ ಹಾಕಿದರೆ ಆ ದಿನಗಳಲ್ಲಿ ತಾವು ಆರಾಮವಾಗಿರಬಹುದು ಎಂಬುದು ಅವರ ಲೆಕ್ಕ. ವಾಹಿನಿಗೆ ದೊಡ್ಡ ವರಮಾನ ತರುತ್ತಿದ್ದ ಮನುಷ್ಯ, ಇಲ್ಲವೆನ್ನಲು ಆಗಲಿಲ್ಲ. ಹಾಗೆ ಖಾಲಿಬಿದ್ದ ಶನಿವಾರ ರಾತ್ರಿಯ ಜಾಗದಲ್ಲಿ ಹುಟ್ಟಿದ್ದು ‘ಸ್ಯಾಟರ್ಡೇ ನೈಟ್ ಲೈವ್’. ಐವತ್ತು ವರ್ಷ ಕಳೆದರೂ ಅದು ಅದೇ ಹೊತ್ತಿಗೆ, ಅದೇ ಸ್ಟುಡಿಯೊದಿಂದ ಶುರುವಾಗುತ್ತದೆ. ನ್ಯೂಯಾರ್ಕಿನ ರಾತ್ರಿ ಹನ್ನೊಂದೂವರೆ ಎಂದರೆ ನಮಗೆ ಭಾನುವಾರ ಬೆಳಗಿನ ಒಂಬತ್ತು. ಅಲ್ಲಿ ಚಳಿಗಾಲವಾದರೆ ಹತ್ತು.

1975ರ ಫೆಬ್ರವರಿಯಲ್ಲಿ ಎನ್‌ಬಿಸಿ ಅಧ್ಯಕ್ಷ ಹರ್ಬರ್ಟ್ ಶ್ಲಾಸರ್ ಒಂದು ಟಿಪ್ಪಣಿ ಬರೆದರು. ಶನಿವಾರ ರಾತ್ರಿಗೆ ಹೊಸ ಕಾರ್ಯಕ್ರಮ ಬೇಕು, ಅದು ನ್ಯೂಯಾರ್ಕಿನಿಂದಲೇ ಬರಬೇಕು, ಸಾಧ್ಯವಾದರೆ ನೇರ ಪ್ರಸಾರವಾಗಬೇಕು. ಆ ಕಾಲಕ್ಕೆ ಈ ಕೊನೆಯ ಮಾತು ವಿಚಿತ್ರವೇ. ಐವತ್ತರ ದಶಕದ ಆರಂಭದಲ್ಲಿ ಇದೇ ವಾಹಿನಿಯಲ್ಲಿ ಸಿಡ್ ಸೀಸರ್ ಶನಿವಾರ ರಾತ್ರಿ 90 ನಿಮಿಷ ನೇರವಾಗಿ ನಗಿಸುತ್ತಿದ್ದರು, ನಿಜ. ಆಮೇಲೆ ಹಾಸ್ಯವೆಲ್ಲ ಟೇಪಿಗೆ ಇಳಿಯಿತು, ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋಯಿತು. ಕಾರ್ಸನ್ ಕೂಡ 1972ರಲ್ಲಿ ನ್ಯೂಯಾರ್ಕ್ ಬಿಟ್ಟು ಬರ್ಬ್ಯಾಂಕ್ ಸೇರಿದ್ದರು. ಶ್ಲಾಸರ್ ಸೂಚಿಸಿದ ಜಾಗಗಳಲ್ಲಿ ಒಂದು, ರಾಕ್‌ಫೆಲ್ಲರ್ ಪ್ಲಾಜಾದ ಎಂಟನೇ ಮಹಡಿಯ ಸ್ಟುಡಿಯೊ 8ಎಚ್. ರೇಡಿಯೊ ಕಾಲದ ದೊಡ್ಡ ಹಜಾರ ಅದು. 1937ರಿಂದ 1950ರವರೆಗೆ ಟೊಸ್ಕನೀನಿ ಎನ್‌ಬಿಸಿ ಸಿಂಫನಿಯ ಕಛೇರಿ ನಡೆಸಿದ ಜಾಗ.

ಹೊಣೆ ಹೊತ್ತ ಯುವ ಅಧಿಕಾರಿ ಡಿಕ್ ಎಬರ್ಸಾಲ್ ಹುಡುಕಿ ತಂದದ್ದು ಟೊರಾಂಟೊದ ಲೋರ್ನ್ ಮೈಕಲ್ಸ್ ಎಂಬ ಯುವಕನನ್ನು. ಮೊದಲ ಕಂತು ಪ್ರಸಾರವಾದಾಗ ಆತನಿಗೆ 30 ವರ್ಷ. ಅದಕ್ಕೂ ಮುಂಚೆ ‘ಲಾಫ್-ಇನ್’ ಎಂಬ ಜನಪ್ರಿಯ ಕಾರ್ಯಕ್ರಮಕ್ಕೆ ನಗೆಚಟಾಕಿ ಬರೆದುಕೊಟ್ಟಿದ್ದ. ಅಲ್ಲಿ ಬರೆದವನಿಗೂ ತೆರೆಯ ಮೇಲೆ ಬರುವುದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಚಿತ್ರೀಕರಿಸಿದ್ದನ್ನು ಕತ್ತರಿಸಿ ಜೋಡಿಸುತ್ತಿದ್ದರು, ಮೇಲೆ ನಗುವಿನ ಧ್ವನಿಮುದ್ರಿಕೆ ಸುರಿಯುತ್ತಿದ್ದರು. ಬರೆದವರೇ ರಂಗದ ಪಕ್ಕ ನಿಂತು ತಮ್ಮ ಸ್ಕಿಟ್ ಆಡಿಸುವ ಪದ್ಧತಿಯನ್ನು ಲೋರ್ನ್ ತಂದದ್ದು ಆ ಅನುಭವದ ಬೆನ್ನಿಗೆ. ಈ ಕಾರ್ಯಕ್ರಮ ಇಷ್ಟು ಕಾಲ ಬಾಳಿದ್ದಕ್ಕೆ ನನ್ನ ಪ್ರಕಾರ ಮೊದಲ ಕಾರಣ ಇದೇ. ನಟರ ಹೆಸರು ಎಲ್ಲರ ಬಾಯಲ್ಲಿರುತ್ತದೆ, ಮನೆಯ ಯಜಮಾನಿಕೆ ಮಾತ್ರ ಬರಹಗಾರರದು.

1975ರ ಅಕ್ಟೋಬರ್ 11ರಂದು ಮೊದಲ ಕಂತು. ಹೆಸರು ಆಗ ‘ಎನ್‌ಬಿಸೀಸ್ ಸ್ಯಾಟರ್ಡೇ ನೈಟ್’. ಎದುರಾಳಿ ಎಬಿಸಿ ವಾಹಿನಿ ಹೋವರ್ಡ್ ಕೊಸೆಲ್ ಅವರ ಕಾರ್ಯಕ್ರಮಕ್ಕೆ ‘ಸ್ಯಾಟರ್ಡೇ ನೈಟ್ ಲೈವ್’ ಎಂದು ಆಗಲೇ ಹೆಸರಿಟ್ಟುಬಿಟ್ಟಿತ್ತು. ಅದು ಬೇಗನೆ ಮುಚ್ಚಿತು, 1977ರಲ್ಲಿ ಹೆಸರು ಇವರ ಪಾಲಿಗೆ ಬಂತು. ಅತಿಥಿ ನಿರೂಪಕ ಜಾರ್ಜ್ ಕಾರ್ಲಿನ್ ಒಂದೇ ಒಂದು ಸ್ಕಿಟ್‌ನಲ್ಲಿ ನಟಿಸಲಿಲ್ಲ, ಬಂದು ಬಂದು ಒಂಟಿಯಾಗಿ ನಿಂತು ಮಾತಾಡಿ ಹೋದರು. ಇಬ್ಬರು ಗಾಯಕರು, ಜಿಮ್ ಹೆನ್ಸನ್ನರ ಗೊಂಬೆಗಳು, ಆಲ್ಬರ್ಟ್ ಬ್ರೂಕ್ಸ್‌ರ ಕಿರುಚಿತ್ರ, ಕಾರ್ಟೂನಿನ ಹಾಡಿನ ಒಂದೇ ಒಂದು ಸಾಲಿಗೆ ತುಟಿಯಾಡಿಸಿ ಉಳಿದಷ್ಟು ಹೊತ್ತು ಸುಮ್ಮನೆ ನಿಂತ ಆ್ಯಂಡಿ ಕೌಫ್‌ಮನ್. ಎಲ್ಲ ಇತ್ತು, ಹದ ಇರಲಿಲ್ಲ. ಮೊದಲ ರಾತ್ರಿ ಬರಬೇಕಿದ್ದ ಬಿಲ್ಲಿ ಕ್ರಿಸ್ಟಲ್‌ಗೆ ಕೊನೆಗೆ ಜಾಗ ಸಾಲದೆ ಮನೆಗೆ ಮರಳಬೇಕಾಯಿತು. ಎರಡನೇ ವಾರ ಪಾಲ್ ಸೈಮನ್ ಬಂದರು, ಕಾರ್ಯಕ್ರಮ ಹೆಚ್ಚುಕಡಿಮೆ ಸಂಗೀತ ಕಛೇರಿಯೇ ಆಯಿತು. ಗಿಲ್ಡಾ ರ‍್ಯಾಡ್ನರ್, ಜಾನ್ ಬೆಲೂಶಿ, ಡ್ಯಾನ್ ಅಕ್ರಾಯ್ಡ್, ಜೇನ್ ಕರ್ಟಿನ್, ಲರೇನ್ ನ್ಯೂಮನ್, ಗ್ಯಾರೆಟ್ ಮಾರಿಸ್, ಚೆವಿ ಚೇಸ್ ಇವರೆಲ್ಲ ಒಂದು ತಂಡವಾಗಿ ನನ್ನ ಕಣ್ಣಿಗೆ ಕಾಣುವುದು ನವೆಂಬರಿನಲ್ಲಿ ಕ್ಯಾಂಡಿಸ್ ಬರ್ಗನ್ ನಿರೂಪಿಸಿದ ನಾಲ್ಕನೇ ಕಂತಿನಲ್ಲಿ.

ಕಸುವು ಬಂದದ್ದು ಡಿಸೆಂಬರ್ 13ರಂದು, ಹಾಸ್ಯಗಾರ ರಿಚರ್ಡ್ ಪ್ರಯರ್ ಬಂದಾಗ. ಆತ ಬಾಯಿಬಿಟ್ಟರೆ ಏನು ಬರುತ್ತದೋ ಎಂಬ ಭಯಕ್ಕೆ ವಾಹಿನಿ ಕೆಲವು ಕ್ಷಣಗಳ ವಿಳಂಬದ ಏರ್ಪಾಡು ಮಾಡಿಸಿತು. ಪ್ರಯರ್ ಜೊತೆಗೆ ಬಂದಿದ್ದ ಪಾಲ್ ಮೂನಿ ಬರೆದ ಸ್ಕಿಟ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ಕಪ್ಪು ಮನುಷ್ಯನೊಬ್ಬ, ಮೇಜಿನಾಚೆ ಬಿಳಿಯ ಅಧಿಕಾರಿಯಾಗಿ ಚೆವಿ ಚೇಸ್. ಅಧಿಕಾರಿ ಒಂದೊಂದೇ ಪದ ಹೇಳುತ್ತಾನೆ, ಥಟ್ಟನೆ ಹೊಳೆದದ್ದನ್ನು ಅರ್ಜಿದಾರ ಹೇಳಬೇಕು. ಮೊದಲು ಸಪ್ಪೆ ಪದಗಳು, ಆಮೇಲೆ ಮೆಲ್ಲಗೆ ಜನಾಂಗದ ಬೈಗುಳಗಳು. ಪ್ರಯರ್ ಮುಖ ಬಿಗಿಯುತ್ತ ಹೋಗುತ್ತದೆ, ಕೆನ್ನೆ ಅದುರುತ್ತದೆ, ಸ್ಟುಡಿಯೊದ ನಗು ಬೆಚ್ಚಿಬೀಳುತ್ತದೆ. ಐವತ್ತು ವರ್ಷದಲ್ಲಿ ಅದನ್ನು ಮೀರಿಸಿದ ಸ್ಕಿಟ್ ಬಂದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಂಥ ಒಂದೊಂದು ಕಂತೂ ಸಿದ್ಧವಾಗುವುದು ಆರು ದಿನಗಳಲ್ಲಿ. ಸೋಮವಾರ ಸಂಜೆ ಲೋರ್ನ್ ಕೋಣೆಯಲ್ಲಿ ಎಲ್ಲರೂ ಸೇರಿ ಆ ವಾರದ ಅತಿಥಿಗೆ ಹೊಳಹುಗಳನ್ನು ಒಪ್ಪಿಸುತ್ತಾರೆ. ಮಂಗಳವಾರ ಮಧ್ಯಾಹ್ನ ಬರೆಯಲು ಕೂತರೆ ಏಳುವುದು ಬುಧವಾರ ಬೆಳಕು ಹರಿದ ಮೇಲೆ. ಬುಧವಾರ ಉದ್ದನೆಯ ಮೇಜಿನ ಸುತ್ತ ಸುಮಾರು 40 ಸ್ಕಿಟ್‌ಗಳ ಓದು. ಉಳಿಯುವುದು ಹನ್ನೆರಡೋ ಹದಿಮೂರೋ. ಆ ರಾತ್ರಿಯೇ ಸೆಟ್ಟುಗಳ ನಕ್ಷೆ ಬ್ರೂಕ್ಲಿನ್ನಿನ ಬಡಗಿಗಳ ಕೈ ಸೇರುತ್ತದೆ. ಗುರುವಾರ, ಶುಕ್ರವಾರ ತಾಲೀಮು. ಶನಿವಾರ ರಾತ್ರಿ ಎಂಟಕ್ಕೆ ನಿಜವಾದ ಪ್ರೇಕ್ಷಕರ ಮುಂದೆ ಪೂರ್ತಿ ವೇಷಭೂಷಣದ ಡ್ರೆಸ್ ರಿಹರ್ಸಲ್. ಅದು ಮುಗಿದದ್ದೇ ಲೋರ್ನ್ ಕೋಣೆಯ ಗೋಡೆಯ ಮೇಲಿನ ಚೀಟಿಗಳು ಜಾಗ ಬದಲಿಸುತ್ತವೆ. ನಗು ಬಾರದ ಮೂರು ನಾಲ್ಕು ಸ್ಕಿಟ್‌ಗಳು ಅಲ್ಲಿಗೆ ಮುಗಿದವು. ವಾರವಿಡೀ ಬರೆದದ್ದು, ಹೊಲಿದದ್ದು, ಕಟ್ಟಿದ್ದು ಎಲ್ಲ ಸೇರಿ. ಕೊನೆಯ ಗಳಿಗೆಯವರೆಗೂ ಸಾಲುಗಳು ಬದಲಾಗುವುದರಿಂದಲೇ ಇವತ್ತಿಗೂ ಸಂಭಾಷಣೆಯನ್ನು ದೊಡ್ಡ ರಟ್ಟುಗಳ ಮೇಲೆ ಕೈಯಲ್ಲಿ ಬರೆದು ಕ್ಯಾಮೆರಾ ಪಕ್ಕ ಹಿಡಿಯುತ್ತಾರೆ. ನಟರ ಕಣ್ಣು ರಟ್ಟಿನ ಮೇಲಿರುತ್ತದೆ ಎಂದು ದೂರುವವರಿದ್ದಾರೆ. ನನಗೆ ಅದು ಕೊರತೆ ಅನ್ನಿಸಿಲ್ಲ, ಹತ್ತು ನಿಮಿಷದ ಹಿಂದೆ ಬರೆದ ಮಾತು ಆ ನಟನ ಬಾಯಿಗೆ ಬರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಸಿದ್ಧವಾಯಿತೆಂದು ನಾವು ಶುರುಮಾಡುವುದಿಲ್ಲ, ಹನ್ನೊಂದೂವರೆ ಆಯಿತೆಂದು ಶುರುಮಾಡುತ್ತೇವೆ ಎಂಬ ಅರ್ಥದ ಲೋರ್ನ್ ಮಾತು ಆ ಮಹಡಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಬಾಯಿಪಾಠ.

ಹಾಗಾಗಿ ಎಡವಟ್ಟುಗಳೂ ನೇರ ಪ್ರಸಾರವೇ. 1977ರಲ್ಲಿ ಎಲ್ವಿಸ್ ಕಾಸ್ಟೆಲೊ ಒಪ್ಪಿದ ಹಾಡನ್ನು ನಡುವೆ ನಿಲ್ಲಿಸಿ ಬೇರೆ ಹಾಡು ಹಿಡಿದರು, ವರ್ಷಗಟ್ಟಲೆ ಅವರಿಗೆ ಬಾಗಿಲು ಮುಚ್ಚಿತು. 1992ರಲ್ಲಿ ಗಾಯಕಿ ಶಿನೇಡ್ ಓಕಾನರ್ ಪೋಪ್ ಭಾವಚಿತ್ರವನ್ನು ಹರಿದು ಹಾಕಿದಾಗ ಸ್ಟುಡಿಯೊದಲ್ಲಿ ಒಂದು ಚಪ್ಪಾಳೆ ಇರಲಿಲ್ಲ. ಚರ್ಚಿನೊಳಗೆ ಮಕ್ಕಳಿಗಾಗುತ್ತಿದ್ದ ಹಿಂಸೆಯ ವಿರುದ್ಧ ಆಕೆ ಎತ್ತಿದ ದನಿ ಅದು. ಮುಂದಿನ ವರ್ಷಗಳಲ್ಲಿ ಬಯಲಾದ ಸತ್ಯ ಆಕೆಯ ಪರವಾಗಿತ್ತು. ಅಂದು ಆಕೆಯ ಜೊತೆ ನಿಲ್ಲದೆ, ಮುಂದಿನ ವಾರ ಆಕೆಯನ್ನೇ ಹಂಗಿಸಲು ವೇದಿಕೆ ಬಿಟ್ಟುಕೊಟ್ಟ ಕಾರ್ಯಕ್ರಮದ ಮೇಲೆ ನನಗಿರುವ ಬೇಸರ ಇನ್ನೂ ಆರಿಲ್ಲ.

1980ರಲ್ಲಿ ಲೋರ್ನ್ ಹೊರನಡೆದರು, ಹಳೆಯ ನಟರೂ ಹೋದರು. ಲೋರ್ನ್ ಜಾಗಕ್ಕೆ ಬಂದ ಜೀನ್ ಡುಮೇನಿಯನ್ ಕೆಲವೇ ತಿಂಗಳು ಉಳಿದರು, ಬಳಿಕ ಎಬರ್ಸಾಲ್ ನಡೆಸಿದರು. ಆ ಐದು ವರ್ಷಗಳನ್ನು ಎತ್ತಿ ನಿಲ್ಲಿಸಿದ್ದು 19ರ ವಯಸ್ಸಿಗೆ ಒಳಬಂದ ಎಡ್ಡಿ ಮರ್ಫಿ. 1985ರಲ್ಲಿ ಲೋರ್ನ್ ಮರಳಿದ ಮೊದಲ ವರ್ಷವೂ ಸೋತು, ಕಾರ್ಯಕ್ರಮ ಮುಚ್ಚುವ ಹಂತಕ್ಕೆ ಬಂದಿತ್ತು. ಮರುವರ್ಷ ಫಿಲ್ ಹಾರ್ಟ್‌ಮನ್, ಡೇನಾ ಕಾರ್ವಿ, ಜ್ಯಾನ್ ಹುಕ್ಸ್ ಬಂದರು. ನನ್ನ ಮಟ್ಟಿಗೆ ಅದೇ ಅತ್ಯುತ್ತಮ ತಂಡ. ಹಾರ್ಟ್‌ಮನ್ ಎದುರು ನಿಂತು ತೂಕ ಕಳೆದುಕೊಳ್ಳದ ಜ್ಯಾನ್ ಹುಕ್ಸ್‌ಗೆ ಸಲ್ಲಬೇಕಾದ ಹೆಸರು ಇಂದಿಗೂ ಸಂದಿಲ್ಲ.

ರಾಜಕಾರಣಿಗಳ ಅಣಕದ ಬಗ್ಗೆ ನನ್ನದೊಂದು ತಕರಾರಿದೆ. ಡೇನಾ ಕಾರ್ವಿ ಹಿರಿಯ ಬುಷ್ ಆದಾಗ, ವಿಲ್ ಫೆರೆಲ್ ಕಿರಿಯ ಬುಷ್ ಆದಾಗ ಅವರು ತಂಡದ ನಟರು. 2008ರಲ್ಲಿ ಸಾರಾ ಪೇಲಿನ್ ಆಗಿ ಬಂದ ಟೀನಾ ಫೇ ಆ ಹೊತ್ತಿಗೆ ತಂಡ ಬಿಟ್ಟಿದ್ದರೂ ಆ ಮನೆಯ ಮಗಳೇ. 1999ರಲ್ಲಿ ಮುಖ್ಯ ಬರಹಗಾರ್ತಿಯಾದ ಮೊದಲ ಮಹಿಳೆ. 2016ರಿಂದ ಟ್ರಂಪ್ ಪಾತ್ರಕ್ಕೆ ಹೊರಗಿನಿಂದ ಅಲೆಕ್ ಬಾಲ್ಡ್‌ವಿನ್‌ರನ್ನು ಕರೆತಂದ ಮೇಲೆ ಲೆಕ್ಕ ತಪ್ಪಿತು. ತಾರೆ ಬಂದನೆಂದು ಚಪ್ಪಾಳೆ, ವಾರದ ಸುದ್ದಿಯನ್ನೇ ಮತ್ತೆ ಓದಿದಂಥ ಮಾತು. ವಾರವಿಡೀ ದುಡಿದ ಹೊಸ ನಟರು ಹಿಂದೆ ನಿಂತು ನೋಡಬೇಕಾಯಿತು. 2021ರಲ್ಲಿ ತಂಡ ಸೇರಿದ ಜೇಮ್ಸ್ ಆಸ್ಟಿನ್ ಜಾನ್ಸನ್ ಅದೇ ಟ್ರಂಪ್‌ರ ಮಾತಿನ ಹರಿವನ್ನು, ಒಂದು ವಿಷಯದಿಂದ ಇನ್ನೊಂದಕ್ಕೆ ಜಾರುವ ಬಗೆಯನ್ನು ಹಿಡಿದದ್ದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ನಮ್ಮಲ್ಲಿ ಬಹಳ ಜನ ಈ ಕಾರ್ಯಕ್ರಮವನ್ನು ಕಂಡಿರುವುದು ಯೂಟ್ಯೂಬಿನ ತುಣುಕುಗಳಲ್ಲಿ. 2005ರ ಡಿಸೆಂಬರಿನಲ್ಲಿ ಆ್ಯಂಡಿ ಸ್ಯಾಂಬರ್ಗ್ ಮತ್ತು ಕ್ರಿಸ್ ಪಾರ್ನೆಲ್ ಅವರ ‘ಲೇಜಿ ಸಂಡೇ’ ಎಂಬ ಚಿತ್ರೀಕರಿಸಿದ ಹಾಡು ಆಗಷ್ಟೇ ಕಣ್ಣುಬಿಟ್ಟಿದ್ದ ಯೂಟ್ಯೂಬಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಎನ್‌ಬಿಸಿ ಅದನ್ನು ತೆಗೆಸಿತು, ಆಮೇಲೆ ತಾನೇ ತುಣುಕು ಹಂಚತೊಡಗಿತು. ಅದರಿಂದ ಹೊಸ ನೋಡುಗರು ಬಂದರು, ಸಂತೋಷ. ಆದರೆ 90 ನಿಮಿಷದ ಕಟ್ಟಡದಿಂದ ಒಂದು ಇಟ್ಟಿಗೆ ಕಿತ್ತು ನೋಡಿದರೆ ಒಂದು ಸೋತ ಸ್ಕಿಟ್ಟಿನ ಬೆನ್ನಿಗೇ ಇನ್ನೊಂದು ಗೆಲ್ಲುವಾಗಿನ ಉಸಿರು ಸಿಗುವುದಿಲ್ಲ. 2020ರ ಏಪ್ರಿಲಿನಲ್ಲಿ ಕೊರೊನಾದಿಂದಾಗಿ ನಟರು ತಂತಮ್ಮ ಮನೆಗಳಲ್ಲೇ ಚಿತ್ರೀಕರಿಸಿ ಕಳಿಸಿದ ಕಂತುಗಳು ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಬರವಣಿಗೆ ಅದೇ, ಪ್ರತಿಭೆ ಅದೇ. ಎದುರಿಗೆ ನಗುವವರಿರಲಿಲ್ಲ, ಮಾತಿನ ನಡುವೆ ಎಲ್ಲಿ ನಿಲ್ಲಬೇಕೆಂದು ನಟರಿಗೆ ಹೇಳಿಕೊಡುವವರೇ ಇರಲಿಲ್ಲ.

ಪೂರ್ತಿ ಕಂತು ನೋಡುವವರಿಗೆ ನನ್ನ ಕೋರಿಕೆ, ಕೊನೆಯ ಸ್ಕಿಟ್‌ವರೆಗೂ ಏಳಬೇಡಿ. ಅಲ್ಲಿನ ಗಡಿಯಾರದಲ್ಲಿ 12.50ರ ಹೊತ್ತಿಗೆ ಬರುವ ಆ ಜಾಗಕ್ಕೆ ಯಾರ ಕಣ್ಣೂ ಬೀಳುವುದಿಲ್ಲ. ತಾರೆಯರ ಮರ್ಜಿ ಅಲ್ಲಿಲ್ಲ, ವಾರದ ಸುದ್ದಿಯ ಹಂಗೂ ಇಲ್ಲ. ಮಂಗಳವಾರದ ನಡುರಾತ್ರಿ ಯಾರೋ ಬರಹಗಾರ ತನ್ನ ಖುಷಿಗೆಂದೇ ಬರೆದ ತಿಕ್ಕಲು ಕಲ್ಪನೆಗಳು ಅಲ್ಲಿ ಬದುಕಿಕೊಳ್ಳುತ್ತವೆ. ಲೋರ್ನ್ ಮೈಕಲ್ಸ್ ಈಗ 80 ದಾಟಿದ್ದಾರೆ, ಮುಂದೆ ಯಾರು ಎಂಬ ಚರ್ಚೆ ವರ್ಷಗಳಿಂದ ನಡೆದಿದೆ. ಯಾರೇ ಬರಲಿ, ಅಂಥ ಮಂಗಳವಾರಗಳನ್ನು ಆ ಕಟ್ಟಡದಲ್ಲಿ ಕಳೆದವರೇ ಬರಲಿ. ವಾಹಿನಿಯ ಲೆಕ್ಕಪತ್ರದ ಕಡೆಯಿಂದ ಬಂದವರು ಮೊದಲು ಕತ್ತರಿಸುವುದು 12.50ರ ಸ್ಕಿಟ್ಟನ್ನೇ.